ಮಳೆಯ ರಜೆ, ಮನೆಯ ರಜೆ

(ಮೂಡಿಗೆರೆಯಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಲೆನಾಡಿನ ಮಕ್ಕಳ ಓದು ಮಳೆಯಿಂದ ಕೆಡುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದ ವರ್ಷಗಳು ಹಲವು. 2019ರ ಆಗಸ್ಟ್‌ನಲ್ಲಿ ಈ ಸೀಮೆಯ ಗುಡ್ಡಗಳೇ ಕುಸಿದವು. ಅಂತಹ ದಿನಗಳಲ್ಲಿ ಶಾಲೆಗೆ ರಜೆ ಸಾರುವುದು ಅನಿವಾರ್ಯ. ಆದರೆ ಕಲಿಕೆಗೆ ಬೀಳುವ ದೊಡ್ಡ ಪೆಟ್ಟು ಆ ರಜೆಯದಲ್ಲ.

ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ಮಳೆಯ ಬದಲು ಹಿಮ ಸುರಿದು ಶಾಲೆಗಳು ಮುಚ್ಚುತ್ತವೆ. ಜೋಶುವಾ ಗುಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಇಡೀ ಶಾಲೆಯೇ ಮುಚ್ಚಿದ ದಿನಗಳಿಂದ ಮಕ್ಕಳ ಅಂಕಗಳು ಇಳಿದಿರಲಿಲ್ಲ. ಶಾಲೆ ನಡೆಯುತ್ತಿರುವಾಗ ಒಂದು ಮಗು ಮಾತ್ರ ಮನೆಯಲ್ಲುಳಿದರೆ ಅಂಕ ಇಳಿಯುತ್ತಿತ್ತು, ಗಣಿತದಲ್ಲಂತೂ ಸ್ಪಷ್ಟವಾಗಿಯೇ.

ಕಾರಣ ಸರಳ. ಎಲ್ಲರೂ ತಪ್ಪಿಸಿಕೊಂಡ ಪಾಠವನ್ನು ಶಿಕ್ಷಕರು ಎಲ್ಲರಿಗೂ ಮತ್ತೆ ಹೇಳುತ್ತಾರೆ. ಒಬ್ಬನಿಗಾಗಿ ತರಗತಿ ನಿಲ್ಲುವುದಿಲ್ಲ. ಹಿಫ್ಝ್ ಕಲಿಸುವ ಉಸ್ತಾದರು ಹಿಂದಿನ ಸಬಖ್ ಒಪ್ಪಿಸದೆ ಹೊಸದನ್ನು ಕೊಡುವುದಿಲ್ಲವೆಂಬುದು ನಿಮಗೆ ತಿಳಿದೇ ಇದೆ. ಅಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಶಾಲೆಯಲ್ಲಿ ಹಾಗಲ್ಲ. ಭಿನ್ನರಾಶಿ ಆರಂಭವಾದ ದಿನ ಇರದ ಹುಡುಗ, ಮರಳಿ ಬಂದಾಗ ಅದರ ಗುಣಾಕಾರ ನಡೆಯುತ್ತಿರುತ್ತದೆ. ಅವನು ಸುಮ್ಮನೆ ಕೂರುತ್ತಾನೆ. ಆ ಮೌನವನ್ನು ನಾವು ದಡ್ಡತನವೆನ್ನುತ್ತೇವೆ!

ನಮ್ಮ ಮನೆಗಳ ರಜೆಯ ನೆಪಗಳನ್ನು ನೋಡಿ. ನಿಕಾಹ್ ಕೆಲವೇ ನಿಮಿಷಗಳ ಕಾರ್ಯ. ಅದರ ಹೆಸರಿನಲ್ಲಿ ಮಕ್ಕಳು ವಾರಗಟ್ಟಲೆ ಶಾಲೆ ಬಿಡುತ್ತಾರೆ. ಗಲ್ಫ್‌ನಿಂದ ತಂದೆ ಬಂದರೆ ರಜೆ. ತಾಯಿಗೆ ಜ್ವರ ಬಂದರೆ ಹೆಣ್ಣುಮಗುವಿಗೆ ಮಾತ್ರ ರಜೆ, ಗಂಡುಮಗುವಿಗಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ತಿಂಗಳಿಗೆ ಎರಡೇ ದಿನ ತಪ್ಪಿದರೂ ಹತ್ತು ತಿಂಗಳಲ್ಲಿ 20 ದಿನ, ಅಂದರೆ ಹತ್ತನೆಯ ಒಂದು ಪಾಲು ಹೋಯಿತು. ಎಸೆಸೆಲ್ಸಿಗೆ ಶೇ. 75 ಹಾಜರಾತಿ ಸಾಕೆಂದು ಕೆಲವರು ಉಳಿದ ಶೇ. 25ನ್ನು ತಮ್ಮ ಹಕ್ಕಿನ ರಜೆಯೆಂದೇ ಬಗೆದಿದ್ದಾರೆ. ಅದು ಪರೀಕ್ಷೆಗೆ ಕೂರುವ ಅರ್ಹತೆಯೇ ಹೊರತು ಉತ್ತೀರ್ಣನಾಗುವ ಭರವಸೆಯಲ್ಲ.

ತೋಟದ ಲೈನ್ ಮನೆಗಳ ಮಕ್ಕಳ ಕಥೆ ಇನ್ನೂ ಕಠಿಣ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ತೊಡಗುತ್ತದೆ. ರೋಬಸ್ಟಾ ಮುಗಿಯುವಾಗ ಪರೀಕ್ಷೆ ಬಾಗಿಲಲ್ಲಿರುತ್ತದೆ. ಕೆ.ಜಿ. ಲೆಕ್ಕದಲ್ಲಿ ಕೂಲಿ ಸಿಗುವಲ್ಲಿ ಪುಟ್ಟ ಕೈಗಳು ಕೊಯ್ದ ಹಣ್ಣಿಗೂ ಬೆಲೆಯಿದೆ. ತಾಯಿ ಕೊಯ್ಲಿಗೆ ಹೋದರೆ ಕೂಸನ್ನು ನೋಡಿಕೊಳ್ಳಲು ಅಕ್ಕ ಉಳಿಯುತ್ತಾಳೆ. ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಕೊಯ್ಲಿಗೆಂದೇ ಬಂದ ಕುಟುಂಬಗಳ ಮಕ್ಕಳ ಹೆಸರು ಊರಿನ ಶಾಲೆಯಲ್ಲಿ, ಮಕ್ಕಳು ಇಲ್ಲಿ. ಆ ಪೋಷಕರಿಗೆ ಬುದ್ಧಿ ಹೇಳುವುದು ಸುಲಭ. ಅವರ ಆ ದಿನದ ಕೂಲಿಯನ್ನು ತುಂಬಿಕೊಡುವವರಾರು?

ಈ ಸಭೆಯಲ್ಲಿ ತೋಟದ ಮಾಲಕರಿದ್ದಾರೆ, ಕಾಫಿ ವ್ಯಾಪಾರಿಗಳಿದ್ದಾರೆ, ರೈಟರುಗಳಿದ್ದಾರೆ. ಸಂಜೆ ಹಣ್ಣು ತೂಗುವಾಗ, ತಾಯಿಯ ಹಿಂದೆ ಚೀಲ ಹಿಡಿದು ನಿಂತ ಹುಡುಗ ಯಾವ ತರಗತಿಯವನೆಂದು ಒಮ್ಮೆ ಕೇಳಿರಿ. ಐದನೆಯದೋ ಏಳನೆಯದೋ ಎಂದರೆ, ಮರುದಿನ ಬೆಳಿಗ್ಗೆ ಪೇಟೆಗೆ ಹೊರಡುವ ತೋಟದ ಜೀಪಿನಲ್ಲಿ ಅವನಿಗೊಂದು ಜಾಗ ಕೊಡಿರಿ.