ಎರೆಭೂತ ಹೋಯಿತು, ತೋಳ ಉಳಿಯಿತು

ಗದಗ-ಬೆಟಗೇರಿ ದಾಟಿ ಮುಂಡರಗಿಯತ್ತ ಹೊರಟರೆ ಒಂದು ಮಗ್ಗುಲಿಗೆ ಕಪ್ಪತಗುಡ್ಡ, ಇನ್ನೊಂದು ಮಗ್ಗುಲಿಗೆ ಕಣ್ಣು ಹಾಯುವಷ್ಟೂ ಎರಿಹೊಲ. ಇಂಥ ಬಯಲನ್ನೇ ನಂಬಿದ ಎರಡು ಜೀವಿಗಳ ಚರಿತ್ರೆ ಇಂದಿನ ವಿಷಯ. ಒಂದು ಎರೆಭೂತ ಹಕ್ಕಿ, ಇನ್ನೊಂದು ತೋಳ.

ಎರೆಭೂತ ಒಂದು ಮೀಟರ್ ಎತ್ತರ. ಗಂಡು 15 ಕಿಲೋದವರೆಗೂ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿನೆಲದ ಮೇಲೆ. ತೋಳ ಹಾಗಲ್ಲ. ಒಂದು ಸೂಲಿಗೆ ನಾಲ್ಕೈದು ಮರಿ. ಮೊಲವಾದರೂ ಸರಿ, ಕುರಿಯಾದರೂ ಸರಿ, ಸತ್ತ ದನವಾದರೂ ಸರಿ. ಬಿಲಕ್ಕೆ ಹೊಗೆ ಹಾಕಿದರೆ ಬೇರೆ ಹಳ್ಳ ಹುಡುಕಿಕೊಳ್ಳುತ್ತದೆ.

ಕಂಪನಿ ಸರ್ಕಾರದ ಕಾಲದಲ್ಲಿ, 1809ರಿಂದ 1829ರ ನಡುವೆ, ಅಹ್ಮದ್‌ನಗರ ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಒಬ್ಬನೇ 961 ಎರೆಭೂತ ಹೊಡೆದನೆಂದು ದಾಖಲೆಯಿದೆ. ಅದು ಶೋಕಿ. ತೋಳವನ್ನು ಕೊಂದವರಿಗೆ ಮಾತ್ರ ಸರ್ಕಾರವೇ ಇನಾಮು ಕೊಟ್ಟಿತು. 1875ರಿಂದ 1925ರವರೆಗೆ ಭಾರತದಲ್ಲಿ ಎರಡು ಲಕ್ಷ ತೋಳಗಳು ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅಂದಾಜಿಸುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಹಕ್ಕಿಗೆ ದೊಡ್ಡ ಮರ್ಯಾದೆ ಸಿಗುವುದರಲ್ಲಿತ್ತು. ಎರೆಭೂತವೇ ರಾಷ್ಟ್ರಪಕ್ಷಿಯಾಗಲಿ ಎಂದರು ಪಕ್ಷಿತಜ್ಞ ಸಲೀಂ ಅಲಿ. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಆಗ ಗದಗವೂ ರಾಣೆಬೆನ್ನೂರೂ ಒಂದೇ ಧಾರವಾಡ ಜಿಲ್ಲೆ. ಅಲ್ಲಿ ಎರೆಭೂತವೂ ಇತ್ತು, ಕೃಷ್ಣಮೃಗವೂ ಇತ್ತು. ಆದರೆ ಹುಲ್ಲಿನ ನೆಲವನ್ನು ಪಾಳು ಎಂದು ಬರೆದುಕೊಂಡವರಿಗೆ ಅಲ್ಲಿ ಗಿಡ ನೆಡುವುದೇ ಪುಣ್ಯದ ಕೆಲಸವಾಗಿ ಕಂಡಿತು. ನೀಲಗಿರಿ ಬೆಳೆಯಿತು. ಕೃಷ್ಣಮೃಗ ತೋಪಿಗೂ ಒಗ್ಗಿಕೊಂಡಿತು. ನಾಲ್ಕೂ ದಿಕ್ಕು ಬಿಚ್ಚಿಕೊಂಡು ಕಾಣಬೇಕೆನ್ನುವ ಹಕ್ಕಿ ಒಗ್ಗಲಿಲ್ಲ. ಕೋವಿಯಿಂದ ಉಳಿದದ್ದನ್ನು ನಾವು ಸಸಿಯಿಂದ ಓಡಿಸಿದೆವು, ನನಗಂತೂ ಹಾಗೆಯೇ ತೋರುತ್ತದೆ. ಈಗ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು, ದೇಶದಲ್ಲಿ ಸುಮಾರು 150. ಕಣ್ಣು ಪಕ್ಕಕ್ಕಿರುವುದರಿಂದ ಎದುರಿನ ವಿದ್ಯುತ್ ತಂತಿ ಕಾಣದೆ ಬಡಿದು ಸಾಯುವುದು ಈ ಕಾಲದ ಹೊಸ ಗಂಡಾಂತರ.

ತೋಳಗಳು ದೇಶದಲ್ಲಿ ಇನ್ನೂ ಮೂರು ಸಾವಿರದಷ್ಟಿವೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿಧಾಮವಾಯಿತು. ಗಣಿಯ ವಿರುದ್ಧ ತೋಂಟದ ಸಿದ್ಧಲಿಂಗ ಶ್ರೀಗಳು ಜನರೊಡನೆ ಬೀದಿಗಿಳಿದ ಹೋರಾಟ ಅದರ ಹಿಂದಿದೆ. ಗುಡ್ಡವೇನೋ ಉಳಿಯಿತು. ಆದರೆ ತೋಳದ ಹೊಟ್ಟೆಪಾಡು ಬಯಲಿನಲ್ಲಿ. ಕುರಿ ತರುಬಿದ ಹೊಲಕ್ಕೆ ಅದು ಇಳಿದೇ ಇಳಿಯುತ್ತದೆ. ಅಲ್ಲಿ ಊರನಾಯಿಗಳ ರೋಗ, ಅವುಗಳೊಡನೆ ರಕ್ತ ಬೆರೆಯುವ ಅಪಾಯ ಬೇರೆ.

2019ರಿಂದ ಜೈಸಲ್ಮೇರ್ ಬಳಿಯ ಸಮ್‌ನಲ್ಲಿ ಎರೆಭೂತದ ಮೊಟ್ಟೆಗೆ ಯಂತ್ರದ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ. ನಾಳೆ ಮರಿ ಕೊಟ್ಟರೂ ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿ ಬಿಡುವುದೆಲ್ಲಿ? ಗಾಯರಾಣ ಉಳಿದದ್ದೆಷ್ಟು? ತೋಳಕ್ಕೆ ಯಂತ್ರದ ಕಾವು ಬೇಕಿಲ್ಲ. ಕುರಿ ಸತ್ತ ವಾರದೊಳಗೆ ಪರಿಹಾರ ಕುರುಬರ ಕೈ ಸೇರಿದರೆ ಬಿಲಕ್ಕೆ ಹೊಗೆ ಹಾಕುವ ಕೈ ತಡೆದೀತು.