ಮಿಷನ್ ಸತ್ತಿಲ್ಲ, ಕಾರ್ಬುರೇಟರ್ ಬಿಚ್ಚಿ ನೋಡಿ

(ಗಡಿನಾಡಿನ ಯುವಕ-ಯುವತಿಯರ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



ಇವತ್ತು ನಾವು ಮಾತಾಡ್ಲಿಕ್ಕೆ ಹೊರಟದ್ದು ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಸಾಮಾನಿನ ಬಗ್ಗೆ. ಹುಲ್ಲು ಕೊಚ್ಚುವ ಮಿಷನಿನ ಕಾರ್ಬುರೇಟರ್. ಇದರಲ್ಲಿ ಭಾಷಣ ಮಾಡ್ಲಿಕ್ಕೆ ಎಂತ ಉಂಟು ಅಂತ ಕೇಳಬಹುದು. ನಮ್ಮ ಕಾಸರಗೋಡಿನ ಕಡೆ ಮಳೆ ಬಿಟ್ಟು ಅಡಿಕೆ ಬೀಳುವ ಮೊದಲು ತೋಟದ ಹುಲ್ಲು ತೆಗೆಯಲೇಬೇಕು. ಸ್ವಂತ ಮಿಷನ್ ಹೆಗಲಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ಹೋಗಿ ದುಡಿಯುವ ಹುಡುಗರು ನಮ್ಮ ನಡುವೆಯೇ ಇದ್ದಾರೆ. ಆ ಹೊತ್ತಿಗೆ ಮಿಷನ್ ಕೈ ಕೊಟ್ಟರೆ ಅವತ್ತಿನ ಸಂಬಳ ಹೋಯಿತು. ಪೇಟೆಯ ರಿಪೇರಿ ಅಂಗಡಿಯಲ್ಲಿ ಸಾಲು ಇದ್ದರೆ ವಾರದ ಸಂಬಳವೂ ಹೋಯಿತು. ಆಮೇಲೆ "ಇದು ಆಗುವುದಿಲ್ಲ, ಹೊಸತು ಹಾಕಿ" ಅಂದರೆ ಮುಗಿಯಿತು.

ಆದರೆ ಸ್ಟಾರ್ಟ್ ಆಗದ ಮಿಷನುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ. ಒಳಗೆ ಕಸ ಕೂತಿರ್ತದೆ, ಇಲ್ಲವೇ ಒಂದು ತೆಳು ಪೊರೆ ಗಟ್ಟಿಯಾಗಿರ್ತದೆ. ಅದನ್ನು ಮನೆಯ ಜಗಲಿಯಲ್ಲೇ ಸರಿ ಮಾಡಬಹುದು.

ಮೊದಲು ಅದು ಹೇಗೆ ಕೆಲಸ ಮಾಡ್ತದೆ ನೋಡುವ. ಬೈಕಿನ ಹಳೆಯ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅದರೊಳಗೆ ತೇಲುವ ಫ್ಲೋಟ್ ಇರ್ತದೆ. ಹುಲ್ಲು ಕೊಚ್ಚುವ ಮಿಷನನ್ನು ನಾವು ಓರೆ ಮಾಡ್ತೇವೆ, ಎತ್ತುತ್ತೇವೆ, ತಿರುಗಿಸುತ್ತೇವೆ. ಅಲ್ಲಿ ಫ್ಲೋಟ್ ನಡೆಯುವುದಿಲ್ಲ. ಅದಕ್ಕೆ ಎರಡು ಪೊರೆ ಇಟ್ಟಿದ್ದಾರೆ. ಡಯಾಫ್ರಮ್ ಅಂತ ಹೆಸರು. ಒಂದು ಪಂಪ್ ಡಯಾಫ್ರಮ್. ಎಂಜಿನ್ ತಿರುಗುವಾಗ ಕ್ರ್ಯಾಂಕ್‌ಕೇಸಿನಲ್ಲಿ ಆಗುವ ಒತ್ತಡದ ಏರಿಳಿತಕ್ಕೆ ಅದು ಬಡಿದುಕೊಂಡು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಮೀಟರಿಂಗ್ ಡಯಾಫ್ರಮ್. ಎಂಜಿನ್ ಪೆಟ್ರೋಲ್ ಹೀರಿದಾಗ ಹೊರಗಿನ ಗಾಳಿ ಈ ಪೊರೆಯನ್ನು ಒಳಗೆ ತಳ್ಳುತ್ತದೆ, ಪೊರೆ ಒಂದು ಸಣ್ಣ ಲಿವರನ್ನು ಒತ್ತುತ್ತದೆ, ಸೂಜಿ ವಾಲ್ವ್ ತೆರೆದು ಬೇಕಾದಷ್ಟೇ ಪೆಟ್ರೋಲ್ ಬರ್ತದೆ. ಮುಚ್ಚಳದಲ್ಲಿ ಒಂದು ಪುಟ್ಟ ತೂತು ಉಂಟಲ್ಲ, ಅದು ಈ ಗಾಳಿಗಾಗಿ. ಅದು ಮುಚ್ಚಿಹೋದರೂ ಮಿಷನ್ ಓಡುವುದಿಲ್ಲ.

ಇಷ್ಟು ಗೊತ್ತಾದರೆ ರೋಗ ಹಿಡಿಯುವುದು ಸುಲಭ. ಚೋಕ್ ಹಾಕಿದಾಗ ಸ್ಟಾರ್ಟ್ ಆಗಿ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆಯೇ? ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಹೆಚ್ಚಿನ ಗಾಳಿ ನುಗ್ಗುತ್ತಿದೆ. ನಿಧಾನಕ್ಕೆ ಓಡಿ, ಎಕ್ಸಲರೇಟರ್ ಒತ್ತಿದರೆ ಉಸಿರು ಕಟ್ಟುತ್ತದೆಯೇ? ಆಗಲೂ ಪೆಟ್ರೋಲೇ ಕಡಿಮೆ. ಪ್ಲಗ್ ಒದ್ದೆ, ಹೊಗೆ ಜಾಸ್ತಿ, ಕಾರ್ಬುರೇಟರಿನಿಂದ ಪೆಟ್ರೋಲ್ ಸೋರುತ್ತಿದೆಯೇ? ಸೂಜಿ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಬಿಚ್ಚುವ ಮೊದಲು ಐದು ಸಂಗತಿ ನೋಡಿ. ಪೆಟ್ರೋಲ್ ಹಳೆಯದೇ? ಏರ್ ಫಿಲ್ಟರ್ ಕಟ್ಟಿದೆಯೇ? ಪ್ಲಗ್ಗಿನಲ್ಲಿ ಕಿಡಿ ಬರ್ತದೆಯೇ? ಟ್ಯಾಂಕಿನೊಳಗಿನ ಫಿಲ್ಟರ್ ಮತ್ತು ಪೈಪ್ ಸರಿ ಉಂಟೇ? ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿದರೆ ಮಿಷನ್ ಸರಿ ಓಡುತ್ತದೆಯೇ? ಓಡಿದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಅಂತ ಅರ್ಥ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಬಿಚ್ಚುವ. ಅಂಗಳದಲ್ಲಿ ಕೂತುಕೊಳ್ಳಿ. ಒಲೆ, ಬೀಡಿ, ಸಿಗರೇಟು ಹತ್ತಿರ ಬೇಡ. ಎಂಜಿನ್ ತಣ್ಣಗಾಗಿರಲಿ, ಪ್ಲಗ್ಗಿನ ಟೋಪಿ ಕಿತ್ತಿಡಿ, ಟ್ಯಾಂಕ್ ಖಾಲಿ ಮಾಡಿ. ಹೊರಗಿನ ಮಣ್ಣು-ಹುಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಅಂಚು ಇರುವ ಒಂದು ಸ್ಟೀಲ್ ತಟ್ಟೆ ಇಟ್ಟುಕೊಂಡು ಅದರ ಮೇಲೆಯೇ ಕೆಲಸ ಮಾಡಿ. ಒಳಗಿನ ಸ್ಪ್ರಿಂಗ್ ಅಕ್ಕಿಕಾಳಿನಷ್ಟು ಸಣ್ಣದು, ಹಾರಿದರೆ ಸಿಗುವುದಿಲ್ಲ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಎರಡು ಪೈಪಿನಲ್ಲಿ ಯಾವುದು ಎಲ್ಲಿಗೆ ಅಂತ ಆಮೇಲೆ ನೆನಪಿರುವುದಿಲ್ಲ.

ಬದಿಯಲ್ಲಿ ಎಲ್, ಎಚ್ ಅಂತ ಎರಡು ಸ್ಕ್ರೂ ಇದ್ದರೆ, ತೆಗೆಯುವ ಮೊದಲು ಒಂದೊಂದನ್ನೇ ಮೆತ್ತಗೆ ಬಲಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆ ಅಂತ ಎಣಿಸಿ ಬರೆದಿಡಿ. ಬಿಗಿ ಮಾಡಬೇಡಿ, ತುದಿ ಹಾಳಾಗ್ತದೆ.

ಪಂಪ್ ಬದಿಯ ಮುಚ್ಚಳ ತೆಗೆದರೆ ಒಳಗೆ ಒಂದು ಪುಟ್ಟ ಜಾಲರಿ ಕಾಣ್ತದೆ. ಕಸ ಕೂರುವುದು ಅಲ್ಲಿ. ಇನ್ನೊಂದು ಬದಿಯಲ್ಲಿ ಮೀಟರಿಂಗ್ ಡಯಾಫ್ರಮ್, ಅದರಡಿ ಲಿವರ್, ಸ್ಪ್ರಿಂಗ್, ಸೂಜಿ. ಪೊರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಒಳ್ಳೆಯದು ಬಟ್ಟೆಯಂತೆ ಮೆತ್ತಗಿರ್ತದೆ. ಹಾಳಾದ್ದು ಒಣಗಿದ ಹಾಳೆಯಂತೆ ಸೆಟೆದಿರ್ತದೆ, ಒತ್ತಿದರೆ ಸದ್ದು ಮಾಡ್ತದೆ. ತೂತು ಇಲ್ಲದಿದ್ದರೂ ಅದು ಲಿವರನ್ನು ಸರಿಯಾಗಿ ಒತ್ತಲಾರದು, ಬದಲಿಸಲೇಬೇಕು. ಡಯಾಫ್ರಮ್, ಗ್ಯಾಸ್ಕೆಟ್, ಸೂಜಿ ಎಲ್ಲ ಸೇರಿ ರಿಪೇರಿ ಕಿಟ್ ಅಂತ ಬಿಡಿಭಾಗದ ಅಂಗಡಿಯಲ್ಲಿ ಸಿಗ್ತದೆ. ಹೊಸ ಕಾರ್ಬುರೇಟರಿಗಿಂತ ಬಹಳ ಅಗ್ಗ. ಕಾರ್ಬುರೇಟರಿನ ಮೈಮೇಲೆ ಕೆತ್ತಿದ ನಂಬರ್ ತೋರಿಸಿಯೇ ತನ್ನಿ.

ರಬ್ಬರಿನ ಭಾಗ ಎಲ್ಲ ತೆಗೆದ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ಚಿಮ್ಮುತ್ತದೆ. ಪಿನ್ನು, ಸೂಜಿ, ಸರಿಗೆ ತೂರಿಸಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಜೋರು ಗಾಳಿಯೂ ಬೇಡ. ಕೆಲವು ಕಾರ್ಬುರೇಟರಿನೊಳಗೆ ಸಣ್ಣ ವಾಲ್ವ್ ಇರ್ತದೆ, ಅದು ಕೆಟ್ಟುಹೋಗ್ತದೆ.

ಜೋಡಿಸುವಾಗ ಕ್ರಮ ಮುಖ್ಯ. ಹೆಚ್ಚಿನವುಗಳಲ್ಲಿ ಪಂಪ್ ಬದಿಗೆ ಮೊದಲು ಡಯಾಫ್ರಮ್, ಮೇಲೆ ಗ್ಯಾಸ್ಕೆಟ್. ಮೀಟರಿಂಗ್ ಬದಿಗೆ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಮ್. ಆದರೂ ನೀವು ತೆಗೆದ ಫೋಟೋ ನೋಡಿಯೇ ಹಾಕಿ. ಲಿವರ್ ಬಗ್ಗಿಸಬೇಡಿ, ಮೊದಲು ಇದ್ದ ಎತ್ತರದಲ್ಲೇ ಇರಲಿ.

ಇನ್ನು ಟ್ಯೂನಿಂಗ್. ಇಲ್ಲಿ ಸ್ವಲ್ಪ ಗಮನ ಕೊಡಿ, ಮಿಷನ್ ಉಳಿಯುವುದೂ ಹೋಗುವುದೂ ಇಲ್ಲಿಯೇ. ಸ್ಕ್ರೂಗಳನ್ನು ಬರೆದಿಟ್ಟಷ್ಟೇ ಸುತ್ತಿಗೆ ತನ್ನಿ. ಲೆಕ್ಕ ಇಲ್ಲದಿದ್ದರೆ ಒಂದರಿಂದ ಒಂದೂವರೆ ಸುತ್ತು ಹೊರಗಿಟ್ಟು ಶುರು ಮಾಡಬಹುದು. ಎಂಜಿನ್ ಬಿಸಿಯಾಗಲಿ. ಎಲ್ ಸ್ಕ್ರೂ ಸರಿ ಮಾಡಿ, ಆಮೇಲೆ ಐಡಲ್ ಸ್ಕ್ರೂ. ಐಡಲಿನಲ್ಲಿ ಬ್ಲೇಡ್ ತಿರುಗಲೇಬಾರದು, ತಿರುಗಿದರೆ ಕಾಲಿಗೆ ಅಪಾಯ. ಕೊನೆಗೆ ಎಚ್. ಪೂರ್ತಿ ಎಕ್ಸಲರೇಟರಿನಲ್ಲಿ ಸದ್ದು ಸ್ವಲ್ಪ ಒರಟಾಗಿ, ಗುರುಗುಟ್ಟುವ ಹಾಗೆ ಇರಬೇಕು. ಕಿರ್ರನೆ ಏರಿ ಚೂಪಾಗಿ ಕೂಗಿದರೆ ಪೆಟ್ರೋಲ್ ಕಡಿಮೆ, ಸ್ಕ್ರೂವನ್ನು ಎಡಕ್ಕೆ ಸ್ವಲ್ಪ ಬಿಡಿ. ಆ ಚೂಪು ಸದ್ದು ಕೇಳ್ಲಿಕ್ಕೆ ಚಂದ, ಸ್ಪೀಡೂ ಹೆಚ್ಚು. ಆದರೆ ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಮ್ಮಿ ಆದರೆ ಆಯಿಲೂ ಕಮ್ಮಿ, ಪಿಸ್ಟನ್ ಜಾಮ್. ಕಿಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಇಡೀ ಎಂಜಿನ್ನಿಗೆ ಬರ್ತದೆ.

ಆಯಿಲ್ ಲೆಕ್ಕವನ್ನೂ ನೆನಪಿಡಿ. ನಿಮ್ಮ ಮಿಷನಿಗೆ 50:1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25:1 ಅಂತ ಇದ್ದರೆ 40 ಮಿಲಿ. ಬೇರೆ ಕ್ಯಾನಿನಲ್ಲಿ ಕಲಸಿ, ಆಮೇಲೆ ಟ್ಯಾಂಕಿಗೆ ಹೊಯ್ಯಿರಿ. ಹೊಸೂರು, ತಾಳವಾಡಿ, ಜತ್ ಕಡೆಯಿಂದ ಬಂದ ಗೆಳೆಯರೇ, ನಿಮ್ಮಲ್ಲಿರುವುದು ಫೋರ್ ಸ್ಟ್ರೋಕಿನ ಪಂಪೋ ಟಿಲ್ಲರೋ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ಅವುಗಳಲ್ಲಿ ಸಾಮಾನ್ಯವಾಗಿ ಫ್ಲೋಟ್ ಬಟ್ಟಲು ಇರ್ತದೆ. ಬಟ್ಟಲು ತೆಗೆದು, ತಳದ ಕೊಳೆ ಒರೆಸಿ, ನಡುವಿನ ಜೆಟ್ ತೊಳೆದರೆ ಅರ್ಧ ಕೆಲಸ ಆಯಿತು.

ಇಷ್ಟೆಲ್ಲ ಆಗುವುದು ಯಾಕೆ? ದೊಡ್ಡ ಕಾರಣ, ನಿಂತ ಪೆಟ್ರೋಲ್. 2025ರ ಹೊತ್ತಿಗೆ ಬಂಕಿನ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು ಸುಮಾರು ಶೇಕಡಾ 20ಕ್ಕೆ ಬಂದಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ನಮ್ಮ ಮಳೆಗಾಲದ ತೇವ ಕೇಳಬೇಕೇ? ಆದ್ದರಿಂದ ಕೆಲಸ ಮುಗಿದು ಮಿಷನ್ ಮೂಲೆಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಿ. ಐದು ನಿಮಿಷದ ಕೆಲಸ.

ಕೊನೆಗೆ ಒಂದು ಕೋರಿಕೆ. ಡಬ್ಬದಲ್ಲಿ ಬರುವ ಪುಸ್ತಿಕೆ ನಮ್ಮ ಭಾಷೆಯಲ್ಲಿ ಇಲ್ಲದಿದ್ದರೆ ನಾವೇ ಬರೆಯುವ. ಯಾವ ಮಿಷನ್, ಯಾವ ಕಿಟ್, ಸ್ಕ್ರೂ ಎಷ್ಟು ಸುತ್ತು, ಯಾವ ಲಕ್ಷಣಕ್ಕೆ ಏನು ಸಿಕ್ಕಿತು, ನಾಲ್ಕು ಸಾಲು ಕನ್ನಡದಲ್ಲಿ, ಫೋಟೋ ಸಮೇತ. ಮುಂದಿನ ಊರಿನವನಿಗೆ ಅದು ಒಂದು ವಾರದ ಸಂಬಳ ಉಳಿಸೀತು.

ಮಾತು ಸಾಕು. ಮಿಷನ್ ತಂದವರು ಅಂಗಳಕ್ಕೆ ಬನ್ನಿ, ಮೊದಲನೆಯದನ್ನು ಬಿಚ್ಚುವ.