ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಹಠ ಹಿಡಿಯುವ ಮಗು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಈ ದೇವಾಲಯದ ಅಂಗಳದಲ್ಲಿ ನಿಂತು ನಾಲ್ಕು ಮಾತು ಹೇಳುವ ಅವಕಾಶ ನನಗೆ ದೊರೆತಿರುವುದು ಸಂತೋಷದ ಸಂಗತಿ. ಹಬ್ಬದ ಸಭೆಯಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಮಕ್ಕಳಿರುವ ಮನೆಯವರು ಒಂದಲ್ಲ ಒಂದು ರಾತ್ರಿ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತದೆ. ಆ ಗಾಬರಿಯ ಗಳಿಗೆಯಲ್ಲಿ ಯಾವ ಬುದ್ಧಿಮಾತೂ ಕಿವಿಗೆ ಬೀಳದು. ಆದ್ದರಿಂದ ನೆಮ್ಮದಿಯ ಈ ಹೊತ್ತಿನಲ್ಲೇ ಕೆಲವು ವಿಷಯಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ತುರ್ತು ಚಿಕಿತ್ಸಾ ವಿಭಾಗದ ರಾತ್ರಿ ಪಾಳಿಯೆಂದರೆ ಹೀಗಿರುತ್ತದೆ: ಹಣೆ ಒಡೆದುಕೊಂಡು ಬಂದ ಹುಡುಗ ಹೊಲಿಗೆಯ ಮಾತು ಕೇಳಿದೊಡನೆ ಮಂಚದ ಕೆಳಗೆ ನುಸುಳುತ್ತಾನೆ. ವಾಂತಿಭೇದಿಯಿಂದ ಬಳಲಿದ ಕೂಸು ಬಾಯಿಗೆ ಹಾಕಿದ ಔಷಧವನ್ನೆಲ್ಲ ಉಗುಳುತ್ತದೆ. ಉಬ್ಬಸದ ಹುಡುಗಿ ಮುಖವಾಡವನ್ನು ಕಿತ್ತೆಸೆಯುತ್ತಾಳೆ. ಹೊರಗೆ ಇನ್ನೂ ಹತ್ತು ಮಂದಿ ಕಾದಿರುತ್ತಾರೆ. ಇಂಥ ಸಮಯದಲ್ಲಿ ‘ಹಠಮಾರಿ ಮಗು’ ಎಂಬ ಮಾತು ಎಲ್ಲರ ಬಾಯಿಂದಲೂ ಹೊರಡುವುದು ಸಹಜ. ಆದರೆ ಆ ಮಾತು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಹಠವೋ, ಹೆದರಿಕೆಯೋ, ರೋಗವೋ?

ಈ ಪ್ರಶ್ನೆಯ ಮೇಲೆ ಜೀವವೇ ನಿಂತಿರಬಹುದು. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದ ಮಗು ಕಿರಿಕಿರಿಗೊಂಡು ಒದ್ದಾಡುತ್ತದೆ. ಸಕ್ಕರೆಯ ಅಂಶ ಇಳಿದರೂ, ತಲೆಗೆ ಬಲವಾದ ಪೆಟ್ಟು ಬಿದ್ದಿದ್ದರೂ, ಮಿದುಳಿನ ಪೊರೆಗೆ ಸೋಂಕು ತಗುಲಿದ್ದರೂ ಹಾಗೆಯೇ. ತಾಯಿಯ ಮಡಿಲಲ್ಲಿಯೂ ಸಮಾಧಾನಗೊಳ್ಳದ ಮಗುವಿನ ಹಠವೇ ಒಂದು ರೋಗಲಕ್ಷಣವಾಗಿರಬಹುದು. ಇನ್ನೊಂದು ಮಾತು ತಮಗೆ ವಿಚಿತ್ರವೆನಿಸೀತು. ಬಾಯ್ತುಂಬ ಅಳುವ ಮಗುವನ್ನು ಕಂಡರೆ ನಮಗೆ ಅರ್ಧ ಧೈರ್ಯ ಬರುತ್ತದೆ; ಅದರ ಉಸಿರಿನ ದಾರಿ ತೆರೆದಿದೆ, ಪ್ರತಿಭಟಿಸುವ ಶಕ್ತಿ ಇನ್ನೂ ಉಳಿದಿದೆ. ಸೂಜಿ ಚುಚ್ಚಿದರೂ ಕೈ ಎಳೆದುಕೊಳ್ಳದೆ ಸುಮ್ಮನೆ ಮಲಗಿರುವ ಮಗುವಿನ ಬಳಿಗೆ ನಾವು ಓಡುತ್ತೇವೆ. ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ‘ಒಳ್ಳೆಯ ಮಗು’ವೇ ಆ ರಾತ್ರಿಯ ಅತ್ಯಂತ ಅಪಾಯದ ರೋಗಿಯಾಗಿರುವುದುಂಟು.

ಆದ್ದರಿಂದ ಮುಟ್ಟುವ ಮೊದಲು ನೋಡಬೇಕೆಂಬುದು ಮಕ್ಕಳ ತುರ್ತು ಚಿಕಿತ್ಸೆಯ ಮೊದಲ ಪಾಠ. ಬಾಗಿಲಲ್ಲಿ ನಿಂತೇ ಮಗುವಿನ ಚೈತನ್ಯ, ಉಸಿರಾಟದ ಶ್ರಮ, ಮೈಬಣ್ಣ ಎಂಬ ಮೂರನ್ನು ಅರೆ ನಿಮಿಷದಲ್ಲಿ ಅಳೆಯಬಹುದು. ಮುಂದಕ್ಕೆ ಬಾಗಿ ಕುಳಿತು, ಜೊಲ್ಲು ಸುರಿಸುತ್ತ, ಉಸಿರೆಳೆಯುವಾಗ ಕರ್ಕಶ ಸದ್ದು ಮಾಡುವ ಮಗುವನ್ನು ಬಲವಂತವಾಗಿ ಮಲಗಿಸಿ ಗಂಟಲಿಗೆ ಚಮಚ ಹಾಕಬಾರದು. ಅದು ಗಾಬರಿಯಿಂದ ಅತ್ತರೆ ಮೊದಲೇ ಕಿರಿದಾದ ಉಸಿರಿನ ದಾರಿ ಪೂರ್ತಿ ಮುಚ್ಚಿಹೋಗಬಹುದು. ಅಂಥ ಮಗುವಿಗೆ ತಾಯಿಯ ಮಡಿಲೇ ಮೊದಲ ಚಿಕಿತ್ಸೆ. ಸಂತೈಸುವುದು ಅಲ್ಲಿ ಉಪಚಾರದ ಮಾತಲ್ಲ, ವೈದ್ಯಕೀಯ ಆಜ್ಞೆ.

ಈ ತಿಳಿವಳಿಕೆ ವೈದ್ಯಲೋಕಕ್ಕೂ ತಡವಾಗಿಯೇ ಬಂದಿತು. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತಂದೆತಾಯಿಯರು ಮಕ್ಕಳನ್ನು ಕಾಣಲು ಬಹಳ ನಿರ್ಬಂಧವಿತ್ತು. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಸಂಕಟವನ್ನು ಚಲನಚಿತ್ರದಲ್ಲಿ ಸೆರೆಹಿಡಿದು ತೋರಿಸಿದರು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಸಮಿತಿಯು ತಂದೆತಾಯಿಯರ ಭೇಟಿಗೆ ನಿರ್ಬಂಧವಿರಬಾರದೆಂದು ವರದಿ ಕೊಟ್ಟಿತು. ನವಜಾತ ಶಿಶುಗಳಿಗೆ ನೋವಿನ ಅರಿವಿಲ್ಲವೆಂದು ಬಗೆದು ಅತ್ಯಲ್ಪ ಅರಿವಳಿಕೆಯಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪದ್ಧತಿಯೂ ಇತ್ತು. ಅದು ತಪ್ಪೆಂದು 1987ರಲ್ಲಿ ಬಲವಾದ ಆಧಾರಗಳೊಂದಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ವೈದ್ಯ ಕೆ. ಜೆ. ಎಸ್. ಆನಂದ್ ಪ್ರಮುಖರು. ನೋವು ಸತ್ಯವಾದರೆ ಮಗುವಿನ ಪ್ರತಿಭಟನೆಯೂ ನ್ಯಾಯವಾದದ್ದೇ ಆಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮಗುವಿನ ಎತ್ತರಕ್ಕೆ ಬಾಗಿ ಮಾತನಾಡಬೇಕು. ಸ್ಟೆತಾಸ್ಕೋಪನ್ನು ಮೊದಲು ಅದರ ಗೊಂಬೆಯ ಎದೆಗಿಟ್ಟು, ಬಳಿಕ ಅದರ ಎದೆಗಿಡಬೇಕು. ನೋಯುವ ಜಾಗವನ್ನು ಕೊನೆಗೆ ಮುಟ್ಟಬೇಕು. ‘ಸೂಜಿ ಹಾಕಲೇ?’ ಎಂದು ಕೇಳಬಾರದು. ‘ಬೇಡ’ ಎಂದರೆ ಅದನ್ನು ನಡೆಸಿಕೊಡಲು ನಮ್ಮಿಂದಾಗದು. ‘ಯಾವ ಕೈಗೆ ಹಾಕಲಿ?’ ಎಂದು ಕೇಳಬಹುದು. ಆ ಆಯ್ಕೆಯಾದರೂ ಮಗುವಿನದಾಗಿರಲಿ. ಎಲ್ಲರೂ ಒಟ್ಟಿಗೆ ಕೂಗಾಡದೆ ಒಬ್ಬರ ದನಿ ಮಾತ್ರ ಕೇಳುವಂತಿರಬೇಕು. ಮೊಲೆಯುಣ್ಣುವ ಕೂಸಿಗೆ ಲಸಿಕೆ ಹಾಕುವಾಗ ತಾಯಿ ಹಾಲೂಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಇದನ್ನೇ ಸಲಹೆ ಮಾಡಿದೆ.

ಒಂದು ಉದಾಹರಣೆ ಕೇಳಿರಿ. ಮೂಗಿಗೆ ಮಣಿಯನ್ನೋ ಕಡಲೆಬೀಜವನ್ನೋ ತುರುಕಿಕೊಂಡ ಮಗುವನ್ನು ನಾಲ್ವರು ಅದುಮಿ ಹಿಡಿದು ಚಿಮಟದಿಂದ ಕೀಳುವುದು ಒಂದು ವಿಧಾನ. ‘ತಾಯಿಯ ಮುತ್ತು’ ಎಂಬುದು ಇನ್ನೊಂದು. ವೈದ್ಯರ ಸಮ್ಮುಖದಲ್ಲಿ ತಾಯಿ ಮಗುವಿನ ಬಾಯಿಗೆ ಬಾಯಿಟ್ಟು, ತೆರವಾಗಿರುವ ಮೂಗಿನ ಹೊಳ್ಳೆಯನ್ನು ಬೆರಳಿಂದ ಒತ್ತಿ ಹಿಡಿದು, ಚುರುಕಾಗಿ ಒಮ್ಮೆ ಊದುತ್ತಾಳೆ. ನೂರರಲ್ಲಿ ಸುಮಾರು 60 ಸಲ ಒಳಗಿನ ವಸ್ತು ಹೊರಬರುತ್ತದೆ. ಮಗುವಿಗೆ ಅದು ಅಮ್ಮನ ಮುತ್ತು, ಅಷ್ಟೇ. ಆದರೆ ತುರುಕಿಕೊಂಡದ್ದು ಅಥವಾ ನುಂಗಿದ್ದು ಗುಂಡಿಯಾಕಾರದ ಬ್ಯಾಟರಿ ಎಂಬ ಸಂಶಯವಿದ್ದರೆ ಒಂದು ಕ್ಷಣವನ್ನೂ ಕಳೆಯಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡ ಅಂಥ ಬ್ಯಾಟರಿ 2 ಗಂಟೆಗಳೊಳಗೆ ತೀವ್ರವಾಗಿ ಸುಡಬಲ್ಲದು.

ಪ್ರೀತಿಯೊಂದರಿಂದಲೇ ಎಲ್ಲವೂ ಸಾಧ್ಯವೆಂದು ನಾನು ಹೇಳುವುದಿಲ್ಲ. ಚರ್ಮ ಮರಗಟ್ಟಿಸುವ ಮುಲಾಮಿಗೆ ಸುಮಾರು ಒಂದು ಗಂಟೆ ಬೇಕು. ಪ್ರಾಣ ಹೋಗುತ್ತಿರುವಾಗ ಕಾಯಲಾಗದು. ಅಂಥಲ್ಲಿ ಮಗುವನ್ನು ಹಿಡಿಯಲೇಬೇಕು. ಹಿಡಿಯುವವರು ಅದನ್ನು ಬಲ್ಲ ಸಿಬ್ಬಂದಿಯಾಗಿರಬೇಕು. ಹಿಡಿತ ಗಟ್ಟಿಯಾಗಿ, ಅವಧಿ ಚಿಕ್ಕದಾಗಿರಬೇಕು. ತಾಯಿಯ ಕೆಲಸ ಕಾಲನ್ನು ಅದುಮುವುದಲ್ಲ, ಮುಖದ ಬಳಿ ಮುಖವಿಟ್ಟು ಮಾತನಾಡುವುದು. ಕಾಯಬಹುದಾದ ಕೆಲಸಕ್ಕೆ, ಉದಾಹರಣೆಗೆ ಚಿಕ್ಕ ಗಾಯದ ಹೊಲಿಗೆಗೆ, ಬಲಪ್ರಯೋಗ ಸಲ್ಲದು. ನೋವು ತಗ್ಗಿಸುವ, ಮಂಪರು ತರುವ ಔಷಧಗಳು ಇಂದು ನಮ್ಮ ಬಳಿ ಇವೆ.

ಇನ್ನು ತಂದೆತಾಯಿಯರಲ್ಲಿ ನನ್ನ ವಿನಂತಿ. ‘ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ’ ಎಂದು ಮನೆಯಲ್ಲಿ ಹೆದರಿಸಬೇಡಿರಿ. ಇಂದು ತುತ್ತು ಇಳಿಸಲು ಆಡಿದ ಆ ಮಾತು ನಾಳೆ ಉಸಿರುಗಟ್ಟಿದ ರಾತ್ರಿ ನಮಗೂ ಮಗುವಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ‘ಏನೂ ನೋವಾಗುವುದಿಲ್ಲ’ ಎಂದು ಸುಳ್ಳು ಹೇಳಬೇಡಿರಿ. ‘ಸ್ವಲ್ಪ ನೋಯುತ್ತದೆ, ನಾನು ಇಲ್ಲೇ ಇರುತ್ತೇನೆ, ಹತ್ತು ಎಣಿಸೋಣ’ ಎನ್ನಿರಿ. ಅತ್ತರೆ ‘ಗಂಡುಹುಡುಗ ಅಳಬಾರದು’ ಎಂದು ಗದರಬೇಡಿರಿ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿರಿ, ಅದು ಶ್ವಾಸಕೋಶಕ್ಕೆ ಇಳಿದೀತು. ಮಗು ನುಂಗಿದ ಔಷಧದ ಪಟ್ಟಿಯನ್ನೋ ಸೀಸೆಯನ್ನೋ ತಪ್ಪದೆ ತನ್ನಿರಿ. ಬರುವಾಗ ಮಗುವಿನ ಮೆಚ್ಚಿನ ಆಟಿಕೆ ಕೈಯಲ್ಲಿರಲಿ.

ಮಗು ತನ್ನ ಮೈಯನ್ನು ತಾನೇ ಕಾಪಾಡಿಕೊಳ್ಳಲು ಬಲ್ಲ ಉಪಾಯವೆಂದರೆ ಬೇಡವೆನ್ನುವುದೊಂದೇ. ಆ ಬೇಡವನ್ನು ಗೆಲ್ಲಲು ಹೊರಡದೆ ಅರ್ಥಮಾಡಿಕೊಳ್ಳಲು ಹೊರಟರೆ ನಮ್ಮ ಅರ್ಧ ಕೆಲಸ ಮುಗಿದಂತೆ. ಗಾಯ ವಾರದಲ್ಲಿ ಮಾಯುತ್ತದೆ. ಆ ಕೊಠಡಿಯಲ್ಲಿ ತನ್ನವರು ತನಗೆ ನಿಜ ಹೇಳಿದರೋ ಸುಳ್ಳು ಹೇಳಿದರೋ ಎಂಬುದನ್ನು ಮಗು ಬಹುಕಾಲ ನೆನಪಿಡುತ್ತದೆ.